ತಾಡಪತ್ರಿ ಡೇರೆ

11 ನವೆಂಬರ್ 2024, ಸೋಮವಾರ. ಮಧ್ಯಾಹ್ನ 3.40

ಕೊನೆಯ ಪಂಕ್ತಿ ಈಗ ಎದ್ದಿತು. ಬದನೆಕಾಯಿ ಸಾಲಲಿಲ್ಲ. ಮಾರ್ಕೆಟ್ಟಿನ ಹಮಾಲರು ಬಂದ ದಿನ ಯಾವುದೂ ಸಾಲುವುದಿಲ್ಲ. ಕೆಂಚವ್ವ ಬೆಳಗಿನಿಂದ ರೊಟ್ಟಿ ಬಡಿದು ರಟ್ಟೆ ಹಿಡಿದುಕೊಂಡು ಕೂತಿದ್ದಾಳೆ. ನಾಳೆಗೆ — ಹೆಸರುಕಾಳು, ಪುಂಡಿಪಲ್ಯ. ಮೊಸರು ಹೆಚ್ಚು ಹೇಳಬೇಕು.

ಶಿವಾನಿ ಡಯಾಲಿಸಿಸ್ ಮುಗಿಸಿ ಬಂದು ಹಿಂದಿನ ಕೋಣೆಯಲ್ಲಿ ಮಲಗಿದ್ದಾಳೆ. ಸೋಮವಾರ, ಗುರುವಾರ. ಒಂದೂವರೆ ವರ್ಷವಾಯಿತು. ಎರಡೂ ಕಿಡ್ನಿ ಹೋಗಿವೆ ಎಂದರು. ನನ್ನದೊಂದು ತಗೊಳ್ಳಿ ಎಂದೆ. ನಿಮಗೆ ಸಕ್ಕರೆ ಕಾಯಿಲೆ, ಆಗದು ಎಂದರು. ಇಪ್ಪತ್ನಾಲ್ಕು ವರ್ಷದ ಮಗಳಿಗೆ ದಿನಕ್ಕೆ ಮುಕ್ಕಾಲು ಲೀಟರ್ ನೀರು. ಬಾಟಲಿಗೆ ಪೆನ್ನಿನಿಂದ ಗೆರೆ ಎಳೆದಿದ್ದೇನೆ. ಬೈಲಹೊಂಗಲ ಬಸ್‌ಸ್ಟ್ಯಾಂಡಿನ ಹಿಂದೆ ಇಪ್ಪತ್ತು ವರ್ಷದಿಂದ ಖಾನಾವಳಿ ನನ್ನದು. ಕಂಡಕಂಡವರಿಗೆಲ್ಲ "ಇನ್ನೊಂದ ರೊಟ್ಟಿ ಹಾಕ್ಲೇನ್ರಿ" ಎನ್ನುವ ಬಾಯಿ, ಹೆತ್ತ ಮಗಳಿಗೆ ಮಾತ್ರ ಸಾಕು, ಸಾಕು ಎನ್ನುತ್ತದೆ.

ಇವತ್ತು ಹೊಸದೊಂದು ತೆಗೆದಳು.

"ಅವ್ವಾ, ಒಂದ ರಾತ್ರಿ ಹೊರಗ ಮಲಗೂಣು. ಟೆಂಟ್ ಹಾಕಿ. ನವಿಲುತೀರ್ಥದ ಹಿನ್ನೀರಿನ ಕಡೆ. ನೀನೂ ನಾನೂ ಇಬ್ಬರ."

"ಹುಚ್ಚ ಹಿಡದೈತೇನ ಬೇ ನಿನಗ?"

"ಒಂದ ರಾತ್ರಿ ಅಷ್ಟ."

ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಳಲ್ಲ, ಆಗ ಹತ್ತಿದ ಗೀಳು. ಹತ್ತು ದಿನ ಟೆಂಟಿನಲ್ಲಿ ಮಲಗಿ, ಸೊಳ್ಳೆ ಕಡಿಸಿಕೊಂಡು, ಕರ್ರಗಾಗಿ ಬಂದು, ಎಷ್ಟು ನಗುತ್ತಿದ್ದಳು. ನಾನು ಎದ್ದು ಬಂದೆ.

14 ನವೆಂಬರ್, ಗುರುವಾರ. ಬೆಳಿಗ್ಗೆ 10, ದವಾಖಾನೆಯ ಬೆಂಚು

ಒಳಗೆ ಮಷೀನು ನಡೆದಿದೆ. ನಾಲ್ಕು ತಾಸು. ನಿನ್ನೆ ಇಡೀ ದಿನ ಮೊಬೈಲ್ ಹಿಡಿದು ಹಿಂದೆ ಮುಂದೆ ಅಡ್ಡಾಡಿದಳು. ಅದರಲ್ಲಿ ಯಾವುದೋ ಊರಿನ ಇಬ್ಬರು ಹೆಣ್ಣುಮಕ್ಕಳು, ಟೆಂಟಿನ ಮುಂದೆ ಚಹಾ ಕಾಯಿಸುತ್ತ ಕೂತಿದ್ದಾರೆ.

"ನೋಡ ಬೇ, ಏನ್ ದೊಡ್ಡ ಕೆಲಸ ಐತಿ ಇದರಾಗ?"

ಹಾವು ಎಂದೆ. ಕುಡುಕರು ಎಂದೆ. ಥಂಡಿ ಎಂದೆ. ನಿನ್ನ ಎಡಗೈಗೆ ಧೂಳು ಬಡಿದರೆ ಏನು ಗತಿ ಎಂದೆ. ಡಯಾಲಿಸಿಸ್ ಸೂಜಿ ಚುಚ್ಚಲು ಆ ಕೈಯಲ್ಲಿ ನರ ಕೂಡಿಸಿದ್ದಾರೆ, ಮುಟ್ಟಿದರೆ ಗುಂಯ್ ಎನ್ನುತ್ತದೆ. ಕಡೆಗೆ ಡಾಕ್ಟರ್ ಬೇಡ ಎನ್ನುತ್ತಾರೆ ಎಂದೆ. ಇವತ್ತು ನನ್ನ ಎದುರಿಗೇ ಕೇಳಿಬಿಟ್ಟಳು. ಅವರೋ — "ಹೋಗಿ ಬರ್ರಿ. ನೀರು, ಉಪ್ಪು ಜ್ವಾಕಿ. ಕೈ ಸ್ವಚ್ಛ ಇಟ್ಕೋರಿ. ಸೋಮವಾರ ತಪ್ಪಸಬ್ಯಾಡ್ರಿ" ಎಂದರು.

ಈ ಡಾಕ್ಟರಿಗೂ ಬುದ್ಧಿ ಇಲ್ಲ.

24 ನವೆಂಬರ್, ಭಾನುವಾರ

ಪಕ್ಕದ ಅಂಗಡಿಯ ಮಹಮ್ಮದಗೌಸ ಟ್ರ್ಯಾಕ್ಟರ್ ಟ್ರಾಲಿಗಳಿಗೆ ಹೊದಿಸುವ ತಾಡಪತ್ರಿ ಹೊಲಿಯುತ್ತಾನೆ. ಹದಿನೈದು ವರ್ಷದಿಂದ ನಮ್ಮಲ್ಲೇ ಊಟ. ಇವಳು ನನಗೆ ಹೇಳದೆ ಕೇಳದೆ ಅವನ ಹತ್ತಿರ ಹೋಗಿ ಟೆಂಟ್ ಹೊಲಿದು ಕೊಡು ಎಂದಿದ್ದಾಳೆ. ಅವನು ಟೇಪ್ ತೆಗೆದು, "ಎಷ್ಟ ಚೀಲದ ಮಾಲ ತುಂಬಾಕ ಯವ್ವಾ?" ಎಂದನಂತೆ.

"ಎರಡ ಹೆಂಗಸರ ಮಾಲ, ಕಾಕಾ."

ಸಂಜೆ ಊಟಕ್ಕೆ ಬಂದಾಗ ಬೈದೆ. "ಗೌಸಣ್ಣ, ಆಕಿ ಹುಡುಗಿ ಕೇಳಿದ್ಲು ಅಂತ ನೀನೂ ಕುಣೀತೀ ಏನ?"

ತಟ್ಟೆಯಿಂದ ತಲೆ ಎತ್ತಲಿಲ್ಲ. "ಕುಣೀತೇನ್ರಿ ಅಕ್ಕಾರ. ಆಕಿ ಮತ್ತೇನರ ಕೇಳ್ಯಾಳೇನು?"

ಪಲ್ಯ ಬಡಿಸಿ ಒಳಗೆ ಹೋದೆ. ಹೋಗಿ ಅತ್ತೆ.

8 ಡಿಸೆಂಬರ್

ಡೇರೆ ತಯಾರಾಗಿ ಮೂಲೆಯಲ್ಲಿ ಕೂತಿದೆ. ನೀಲಿ ಬಣ್ಣ. ಹೋದ ಶನಿವಾರ ನೀಲಕಂಠಪ್ಪನ ಮನೆಯ ಮದುವೆಗೆ ಆರು ನೂರು ರೊಟ್ಟಿ ಕೊಡುವುದಿತ್ತು. ಈ ಶನಿವಾರ ಕೆಂಚವ್ವ ರಜೆ. ಬರುವ ಶನಿವಾರ ನೋಡೋಣ ಎಂದಿದ್ದೇನೆ. ಶಿವಾನಿ ಕ್ಯಾಲೆಂಡರಿನಲ್ಲಿ ಬರೆದ ಗುರುತನ್ನು ಒಂದು ಮನೆ ಮುಂದಕ್ಕೆ ಎಳೆಯುತ್ತಾಳೆ.

19 ಡಿಸೆಂಬರ್

ದವಾಖಾನೆ. ಐಸಿಯು. ನಿನ್ನೆ ನಸುಕಿನಲ್ಲಿ ಉಸಿರು ಸಿಗಲಿಲ್ಲ ಅವಳಿಗೆ. ಎದೆಯಲ್ಲಿ ನೀರು. ಬರೆಯಲಾರೆ.

22 ಡಿಸೆಂಬರ್, ಭಾನುವಾರ

ವಾರ್ಡಿಗೆ ತಂದಿದ್ದಾರೆ. ಗಂಜಿ ಕುಡಿದಳು. ಸಣ್ಣ ಲೋಟದಲ್ಲಿ ಅರ್ಧ.

ಯಾರಿಗೂ ಹೇಳದ್ದು ಬರೆಯುತ್ತೇನೆ. ಡಿಗ್ರಿ ಎರಡನೇ ವರ್ಷದಲ್ಲಿ ಇವಳ ಹೆಸರು ಹಿಮಾಲಯದ ಕ್ಯಾಂಪಿಗೆ ಬಂದಿತ್ತು. ಇಡೀ ಕಾಲೇಜಿಗೆ ಇವಳೊಬ್ಬಳೇ. ತಂದೆ ಇಲ್ಲದ ಹುಡುಗಿ, ತಾಯಿ ಸಹಿ ಮಾಡಬೇಕು. ಅಂಜಿದೆ. ಅಷ್ಟು ದೂರ, ಅಷ್ಟು ಹಿಮ, ಗಂಡಸರ ನಡುವೆ. ಬೇಡ ಎನ್ನುವ ಧೈರ್ಯವೂ ಇರಲಿಲ್ಲ. ಫಾರಂ ಕಳೆದುಹೋಯಿತು ಎಂದು ಸುಳ್ಳು ಹೇಳಿದೆ. ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಿದ್ದೆ. ಎರಡು ದಿನ ಇಡೀ ಮನೆ ಹುಡುಕಿದಳು. ನಾನೂ ಜೊತೆಗೆ ಹುಡುಕಿದೆ! ಎಂಥ ಹೆಂಗಸು ನಾನು.

ಈಗ ಕೇಳುತ್ತಿರುವುದು ಹಿಮಾಲಯ ಅಲ್ಲ. ಹದಿನೆಂಟು ಹರದಾರಿ ಕೂಡ ಅಲ್ಲ. ಅದಕ್ಕೂ ಬರುವ ಶನಿವಾರ, ಬರುವ ಶನಿವಾರ.

30 ಡಿಸೆಂಬರ್, ಎಳ್ಳ ಅಮಾವಾಸ್ಯೆ

ನಿನ್ನೆಯಿಂದ ನಿಂತ ಕಾಲ ಮೇಲೆ. ಹೊಲಕ್ಕೆ ಹೋಗಿ ಭೂತಾಯಿಗೆ ಎಡೆ ಎರಚಿ ಚರಗ ಚೆಲ್ಲುವವರಿಗೆಲ್ಲ ನಮ್ಮದೇ ಬುತ್ತಿ. ಸಜ್ಜಿ ರೊಟ್ಟಿ, ಕಡುಬು, ಎಣ್ಣೆಗಾಯಿ, ಮೂರು ಥರದ ಚಟ್ನಿ. ಹತ್ತು ಗಂಟೆಗೆ ಊರೇ ಖಾಲಿ. ಗಾಡಿ, ಟ್ರ್ಯಾಕ್ಟರ್, ಸ್ಕೂಟರ್ ಹತ್ತಿ ಎಲ್ಲರೂ ಹೊಲದ ದಾರಿ ಹಿಡಿದರು.

ಶಿವಾನಿ ಬೆಳಿಗ್ಗೆಯೇ ಮಷೀನಿಗೆ ಹೋಗಿ ಬಂದಿದ್ದಳು. ಕಟ್ಟೆಯ ಮೇಲೆ ಶಾಲು ಹೊದ್ದು ಕೂತು ರಸ್ತೆ ನೋಡುತ್ತಿದ್ದಳು. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಅಂದಳು —

"ಊರ ಮಂದಿನೆಲ್ಲಾ ಬುತ್ತಿ ಕಟ್ಟಿ ಹೊರಗ ಕಳಸ್ತಿ ಅವ್ವಾ. ನನಗಷ್ಟ ಕಟ್ಟವಲ್ಲಿ."

ಕೈಯಲ್ಲಿದ್ದ ಸೌಟು ಅಲ್ಲೇ ಇಟ್ಟೆ. ಹೋಗೂಣು ಎಂದೆ. ಸಂಕ್ರಮಣ ಮುಗಿಯುತ್ತಲೇ ಹೋಗೂಣು, ನಿನ್ನಾಣಿ ಹೋಗೂಣು ಎಂದೆ.

"ಮೊದಲ ಮಾಳಿಗಿ ಮ್ಯಾಲ ಮಲಗಿ ನೋಡೂಣು. ನೀ ಅಂಜಬುರಕಿ."

4 ಜನವರಿ 2025, ಶನಿವಾರ. ಮಾಳಿಗೆಯ ಮೇಲೆ

ಟಾರ್ಚಿನ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಡೇರೆ ನಿಲ್ಲಿಸಲು ಒಂದು ತಾಸು ಹಿಡಿಯಿತು. ಗೌಸಣ್ಣ ತನ್ನ ಕೈ ರೂಢಿಯ ಹಾಗೆ ಸುತ್ತಲೂ ಹಗ್ಗ ಪೋಣಿಸುವ ಹಿತ್ತಾಳೆಯ ಕಣ್ಣು ಬಡಿದಿದ್ದಾನೆ, ಬಾಗಿಲು ಇಡುವುದನ್ನೇ ಮರೆತಿದ್ದಾನೆ. ಟ್ರಾಲಿಗೆ ಬಾಗಿಲೆಲ್ಲಿಂದ ಬರಬೇಕು! ಒಂದು ಕಡೆ ಹಗ್ಗ ಬಿಚ್ಚಿ, ಹೊಟ್ಟೆಯ ಮೇಲೆ ತೆವಳಿ ಒಳಗೆ ಬರಬೇಕು. ನಾನು ನಡುವೆ ಸಿಕ್ಕಿಕೊಂಡೆ. ಶಿವಾನಿ ನಕ್ಕು ನಕ್ಕು ಕೆಮ್ಮಿದಳು.

ಆರ್‌ಸಿಸಿ ಮಾಳಿಗೆಗೆ ಗೂಟ ಎಲ್ಲಿ ಬಡಿಯುವುದು? ನಾಲ್ಕು ಮೂಲೆಗೆ ನಾಲ್ಕು ಖಾಲಿ ಸಿಲಿಂಡರ್ ಇಟ್ಟು ಹಗ್ಗ ಕಟ್ಟಿದಳು. ಎಳೆದಷ್ಟೂ ಬಿಗಿಯುವ ಗಂಟು, ಬೇಕಾದಾಗ ಒಂದೇ ಎಳೆತಕ್ಕೆ ಬಿಚ್ಚುವ ಗಂಟು. ನನಗೆ ಹತ್ತು ಸಲ ಕಲಿಸಿದಳು. "ನೋಡ, ಹಗ್ಗದ ತುದಿ ಬಾವ್ಯಾಗಿಂದ ಮ್ಯಾಲ ಬರತೈತಿ, ಗಿಡಾ ಸುತ್ತತೈತಿ, ತಿರಗಿ ಬಾವ್ಯಾಗ ಹೋಗತೈತಿ." ಹತ್ತನೆಯ ಸಲಕ್ಕೆ ಬಂತು.

ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ. ಕೆಳಗೆ ಹೋಗಿ ನೋಡಿ ಬರುತ್ತೇನೆ.

5 ಜನವರಿ, ಭಾನುವಾರ

ಮೂರು ಸಲ ಕೆಳಗೆ ಹೋದೆ. ಮೂರನೆಯ ಸಲ ಅವಳು ನನ್ನ ಸೆರಗನ್ನು ತನ್ನ ಬಲಗೈಗೆ ಕಟ್ಟಿಕೊಂಡಳು. ಅದೇ ಗಂಟು. ಆಮೇಲೆ ನಿದ್ದೆ ಬಂತು.

19 ಜನವರಿ, ಭಾನುವಾರ. ಸಂಜೆ 4

ಹೋಗಿ ಬಂದೆವು. ಹೋಗಿ ಬಂದೆವು! ಎಲ್ಲ ಬರೆದಿಡುತ್ತೇನೆ, ಮರೆಯಬಾರದು.

ನಿನ್ನೆ ಮಧ್ಯಾಹ್ನದ ಪಂಕ್ತಿ ಮುಗಿಸಿ ಖಾನಾವಳಿಗೆ ಬೀಗ ಹಾಕಿದೆ. ಅವಳ ಅಪ್ಪ ಹೋದಾಗ ಹಾಕಿದ್ದು, ಆಮೇಲೆ ನಿನ್ನೆಯೇ. ಗೌಸಣ್ಣ ತನ್ನ ಛೋಟಾ ಹಾಥಿ ಗಾಡಿ ತಂದ. ಮುರಗೋಡ ದಾಟಿ, ಮುನವಳ್ಳಿಯಲ್ಲಿ ಒಂದು ಕಡೆ ನಿಲ್ಲಿಸಿ, ಆಮೇಲೆ ಹಿನ್ನೀರಿನ ಕಡೆ ಮಣ್ಣಿನ ದಾರಿ. ಹೊತ್ತು ಇಳಿದಿತ್ತು. "ನಾ ಮ್ಯಾಲ ರಸ್ತೆದಾಗ ಗಾಡ್ಯಾಗ ಮಲಗಿರತೇನ್ರಿ. ಏನರ ಆದ್ರ ಬ್ಯಾಟ್ರಿ ತೋರಸ್ರಿ" ಎಂದು ಅವನು ಹೋದ. ಅವನ ಹೆಂಡತಿ ಗೌಸಬಿ ಗಂಡನಿಗೆ ಎರಡು ಚಾದರ, ನಮಗೆ ಒಂದು ರಗ್ಗು ಕಳಿಸಿದ್ದಳು. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಜಾಗ ಹುಡುಕಿದವಳು ನಾನು. ಹುಟ್ಟಿದ್ದು ಪೇಟೆಯಲ್ಲಿ, ಬೆಳೆದದ್ದು ಒಲೆಯ ಮುಂದೆ. ಮುಳ್ಳಿಲ್ಲದ, ಕಲ್ಲಿಲ್ಲದ, ಮೆತ್ತನೆಯ ನೆಲ ಕಂಡಿತು. ಮಗಳ ಬೆನ್ನಿಗೆ ಒತ್ತಬಾರದು ಎಂದು ಅಲ್ಲೇ ಡೇರೆ ಹಾಕಿಸಿದೆ. "ಅವ್ವಾ, ಇಷ್ಟ ಹಸನ ನೆಲ ಯಾಕ ಐತಿ?" ಎಂದು ಶಿವಾನಿ ಒಮ್ಮೆ ಕೇಳಿದಳು. ನಿನ್ನ ಪುಣ್ಯ ಎಂದೆ.

ಎದುರಿಗೆ ನೀರೇ ನೀರು. ಆಚೆ ದಂಡೆ ಕಾಣುವುದಿಲ್ಲ. ಮುಕ್ಕಾಲು ಲೀಟರಿನ ಹುಡುಗಿಯನ್ನು ಕರೆತಂದು ಇಂಥಲ್ಲಿ ಕೂರಿಸಿದೆನಲ್ಲ. ಅವಳು ಚೀಲದಿಂದ ಬಾಟಲಿ ತೆಗೆದಳು. ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು. ಬೆಳಿಗ್ಗೆಯಿಂದ ಬಾಯಿ ಒಣಗಿಸಿಕೊಂಡು ಉಳಿಸಿದ್ದಾಳೆ. ನೀರಿನ ಕಡೆ ಮುಖ ಮಾಡಿ ನಿಂತು, ಗುಟುಕು ಎಣಿಸದೆ, ಗಟಗಟ ಕುಡಿದಳು. ಗಂಟಲಿನ ಸಪ್ಪಳ ಕೇಳುವ ಹಾಗೆ ಕುಡಿದಳು. ಆಮೇಲೆ ಬಾಯಿ ಒರೆಸಿಕೊಂಡು, "ಎಷ್ಟ ದಿನಾ ಆಗಿತ್ತ ಬೇ" ಎಂದಳು. ನಾನು ಅತ್ತ ಮುಖ ತಿರುಗಿಸಿದೆ.

ಬುತ್ತಿ ಬಿಚ್ಚಿದೆ. ಅವಳಿಗೆ ಉಪ್ಪಿಲ್ಲದ ರೊಟ್ಟಿ, ಕುದಿಸಿ ನೀರು ಬಸಿದ ಹೀರೆಕಾಯಿ ಪಲ್ಯ. ನಾನೂ ಅದನ್ನೇ ಕಟ್ಟಿಕೊಂಡು ಹೋಗಿದ್ದೆ. "ಥೂ, ಹೆಂಗ ತಿಂತೀ ಇದನ್ನ ದಿನಾ?" ಎಂದುಬಿಟ್ಟೆ. ಎಷ್ಟು ನಕ್ಕಳು! ಇಪ್ಪತ್ತು ವರ್ಷದ ಖಾನಾವಳಿ ಸಿದ್ದಲಿಂಗವ್ವ ತನ್ನ ಅಡುಗೆಗೆ ತಾನೇ ಥೂ ಎಂದಳು ಎಂದು ನಕ್ಕಳು.

ಒಳಗೆ ಮಲಗಿದ ಮೇಲೆ ಅವಳ ಎಡಗೈಯನ್ನು ನನ್ನ ಅಂಗೈ ಮೇಲೆ ಇಟ್ಟುಕೊಂಡೆ. ಗುಂಯ್ ಎನ್ನುತ್ತಿತ್ತು. ಹೇಳಿದೆ. ಫಾರಂ ಕಳೆದಿರಲಿಲ್ಲ, ನಾನೇ ಬಚ್ಚಿಟ್ಟಿದ್ದೆ ಎಂದು.



"ಗೊತ್ತೈತಿ ಬೇ. ಹಿಟ್ಟಿನ ಡಬ್ಬಿ ಕೆಳಗ. ನಾ ಅವತ್ತ ನೋಡಿದ್ದೆ."

"ಮತ್ತ ಯಾಕ ಕೇಳಲಿಲ್ಲ?"

"ನೀ ಅಷ್ಟ ಅಂಜಿದ್ದಿ. ನನ್ನ ಜೋಡಿ ಹುಡಕಾಕತ್ತಿದ್ದಿ, ಬೆವತಿದ್ದಿ. ನೋಡಾಕ ಆಗಲಿಲ್ಲ. ಹೋಗ್ಲಿ ಬಿಡ."

ಅಳು ಬಂತು, ಅತ್ತೆ. ಅವಳೇ ತಲೆ ತಟ್ಟಿ ಮಲಗಿಸಿದಳು. ಯಾರು ತಾಯಿ, ಯಾರು ಮಗಳು.

ಬೆಳಗಾಗುವ ಮೊದಲೇ ಹೊರಗೆ ಗದ್ದಲ. "ಯಾರಲೇ ಅವ! ಕಡ್ಲಿ ಬಿತ್ತಿದ ನೆಲದಾಗ ಟ್ರಾಲಿ ತಂದ ನಿಂದರಿಸ್ಯಾನ!" ನೀರು ಹಿಂದೆ ಸರಿದ ಹಾಗೆಲ್ಲ ಆ ಮಣ್ಣಿನಲ್ಲಿ ಕಡಲೆ ಬಿತ್ತುತ್ತಾರಂತೆ. ಅವನು ಮೊನ್ನೆಯಷ್ಟೇ ಬಿತ್ತಿದ್ದ. ನಾನು ಅವನ ಬಿತ್ತನೆಯ ಮೇಲೆ ಹಾಸಿಗೆ ಹಾಸಿದ್ದೆ. ಹಗ್ಗ ಬಿಚ್ಚಿ ಮೊದಲು ನಾನು ತೆವಳಿದೆ, ಹಿಂದೆ ಇವಳು. ಟ್ರಾಲಿಯ ಕೆಳಗಿನಿಂದ ಇಬ್ಬರು ಹೆಂಗಸರು ಹೊರಬಂದದ್ದು ಕಂಡು ಆ ಮನುಷ್ಯ ಬಡಿಗೆ ಕೆಳಗಿಟ್ಟ. ಹೆಸರು ಹಣಮಂತಪ್ಪ. ಐವತ್ತೈದು ಇರಬೇಕು.

"ತಪ್ಪಾತ್ರಿ ಅಣ್ಣಾರ, ತಿಳೀಲಿಲ್ಲ" ಎಂದು ಕೈ ಮುಗಿದೆ. ಅವನು ಶಿವಾನಿಯ ಮುಖ ನೋಡಿದ, ಕೈಯ ಪಟ್ಟಿ ನೋಡಿದ.

"ಇರ್ಲಿ ಬಿಡ್ರಿ ಅಕ್ಕಾರ. ನಾಕ ಸಾಲ ಹೋದ್ರ ಮತ್ತ ಬಿತ್ತತೇನಿ. ಮುಂದಿನ ಸಲ ಅಲ್ಲಿ ದಿಬ್ಬದ ಮ್ಯಾಲ ಹಾಕ್ರಿ, ಗಾಳಿನೂ ಚಲೋ ಬರತೈತಿ."

"ಮುಂದಿನ ಸಲ ಯಾವಾಗ ಬರೂಣ್ರಿ ಕಾಕಾ?" — ಇವಳು.

"ಯಾವಾಗರ ಬಾ ಯವ್ವಾ. ಯಾರನ್ನ ಕೇಳೂದೈತಿ?"

ಬರುವಾಗ ಗಾಡಿಯಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಹೋದಳು. ಇಷ್ಟೇ ಇತ್ತು. ಇಷ್ಟಕ್ಕಾಗಿ ಎರಡು ತಿಂಗಳು ಅಂಜಿದೆ.

2 ಫೆಬ್ರುವರಿ, ಭಾನುವಾರ

ಈಗ ನಾನೇ ಬೆನ್ನು ಹತ್ತಿದ್ದೇನೆ. ಕಿತ್ತೂರ ಕಡೆ ಹೋಗೂಣೋ, ಸೊಗಲಕ್ಕೋ? ಅವಳು "ಮೊದಲ ದಿಬ್ಬ" ಎನ್ನುತ್ತಾಳೆ. ಗೌಸಣ್ಣ ಡೇರೆಗೆ ಬಾಗಿಲು ಕತ್ತರಿಸಿ ಚೈನು ಹಚ್ಚಿ ಕೊಟ್ಟ. ಶಿವಾನಿಯ ಬಿಪಿ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತಿದೆ, ಎರಡು ವಾರ ತಡೆಯಿರಿ ಎಂದಿದ್ದಾರೆ ಡಾಕ್ಟರ್.

23 ಫೆಬ್ರುವರಿ

ಇನ್ನೂ ಎರಡು ವಾರ ಎಂದರು. ಈ ಸಲ ಮುಂದಕ್ಕೆ ಹಾಕಿದ್ದು ನಾನಲ್ಲ. ಅಷ್ಟಾದರೂ ಇರಲಿ.

20 ಮಾರ್ಚ್

ಆರನೆಯ ತಾರೀಖು, ಗುರುವಾರ. ಮಷೀನಿನ ಮೇಲೆ ಇದ್ದಾಗಲೇ. ಎದೆ ನಿಂತಿತು ಎಂದರು. ನಾನು ಹೊರಗೆ ಬೆಂಚಿನ ಮೇಲೆ ಸಂಜೆಯ ಪಲ್ಯಕ್ಕೆ ಅವರೆಕಾಯಿ ಸುಲಿಯುತ್ತ ಕೂತಿದ್ದೆ.

ದಿನಕರ್ಮ ಎಲ್ಲ ಮುಗಿಯಿತು. ಜನ ಬಂದು ಹೋದರು.

2 ಜೂನ್

ಖಾನಾವಳಿ ನಡೆದಿದೆ. ಉಪ್ಪು ಹಾಕಲು ಮರೆಯುತ್ತೇನೆ. ಊಟಕ್ಕೆ ಬಂದವರು ಉಪ್ಪಿನ ಡಬ್ಬಿ ತಾವೇ ಎಳೆದುಕೊಳ್ಳುತ್ತಾರೆ. ಒಬ್ಬನಾದರೂ ಬೈಯಬಾರದೇ.

23 ಆಗಸ್ಟ್, ಶನಿವಾರ

ಇವತ್ತು ಡೇರೆ ಹೊತ್ತುಕೊಂಡು ಒಬ್ಬಳೇ ಬಸ್ ಹತ್ತಿದೆ. ದಿಬ್ಬದ ಮೇಲೆ ಹಾಕುವುದಿತ್ತು, ಅಷ್ಟೇ. ಮುನವಳ್ಳಿಯಲ್ಲಿ ಇಳಿದೆ. ಸ್ಟ್ಯಾಂಡಿನಲ್ಲಿ ಎರಡು ತಾಸು ಕೂತೆ. ಕಂಡಕ್ಟರ್, "ತಾಡಪತ್ರಿ ಮಾರೂದೈತೇನ್ರಿ?" ಎಂದ. ಅದೇ ಬಸ್ಸಿಗೆ ತಿರುಗಿ ಬಂದೆ. ಅಂಜಬುರಕಿ.

24 ಆಗಸ್ಟ್

ಕೆಂಚವ್ವ ಕೇಳಿದಳು — "ಅಕ್ಕಾರ, ಒಬ್ಬರ ಅಲ್ಲಿ ಹೋಗಿ ಏನ್ ಮಾಡ್ತೀರಿ?"

ಮನೆಯಲ್ಲಿ ಒಬ್ಬಳೇ ಏನು ಮಾಡುತ್ತೇನೋ ಅದನ್ನೇ.

29 ನವೆಂಬರ್, ಶನಿವಾರ. ಸಂಜೆ 6. ದಿಬ್ಬದ ಮೇಲೆ

ಬಂದಿದ್ದೇನೆ. ಗೌಸಣ್ಣ ರಸ್ತೆಯಲ್ಲಿದ್ದಾನೆ, ಬೇಡ ಎಂದರೂ ಕೇಳಲಿಲ್ಲ. ಡೇರೆ ನಾನೇ ಹಾಕಿದೆ. ಮೊದಲ ಸಲ ಬಿತ್ತು. ಎರಡನೆಯ ಸಲ ವಾಲಿತು. ಮೂರನೆಯ ಸಲ ನಿಂತಿತು. ಗಾಳಿ ಚೆನ್ನಾಗಿ ಬರುತ್ತಿದೆ, ಅವನು ಹೇಳಿದ ಹಾಗೇ. ನಿನಗೆ ಇಲ್ಲಿ ಸೇರುತ್ತಿತ್ತು ಶಿವಾನಿ. ಬಹಳ ಸೇರುತ್ತಿತ್ತು.

ಅಂಜಿಕೆ ಇಲ್ಲ. ಅದೇ ಸಂಕಟ. ಇನ್ನು ಅಂಜುವುದು ಯಾರ ಸಲುವಾಗಿ?

30 ನವೆಂಬರ್, ಭಾನುವಾರ. ಬೆಳಿಗ್ಗೆ 6.50

ನಿದ್ದೆ ಬಂದಿತ್ತು. ಥಂಡಿಗೆ ಎಚ್ಚರಾಯಿತು. ಹೊರಗೆ ಬಂದು ಚೈನು ಎಳೆದು ಕೂತಿದ್ದೆ. ನೀರಿನ ಮೇಲೆ ಮಂಜು. ಕೆಳಗಿನ ನೆಲದಿಂದ ಹಣಮಂತಪ್ಪ ದೂರದಿಂದಲೇ ಕೈ ಎತ್ತಿದ.

"ಬಂದ್ರೇನ್ರಿ ಅಕ್ಕಾರ! ಈ ಸಲ ಬರೋಬ್ಬರಿ ಜಾಗಾದಾಗ ಹಾಕೀರಿ ನೋಡ್ರಿ!"

ಹತ್ತಿರ ಬಂದ. ಮುಚ್ಚಿದ ಡೇರೆ ನೋಡಿದ.

"ಮಗಳ ಇನ್ನೂ ಎದ್ದಿಲ್ಲೇನ್ರಿ?"

ಇಲ್ಲರಿ ಎಂದೆ. ಬಾಯಿಂದ ಅಷ್ಟೇ ಬಂತು. ಮುಂದಿನದು ಹೇಳಬೇಕು ಎನ್ನುವಷ್ಟರಲ್ಲಿ ಅವನು ದನಿ ಇಳಿಸಿದ. ಅವಳಿಗೆ ಎಚ್ಚರವಾದೀತು ಎಂದು, ಪಿಸುಮಾತಿನಲ್ಲಿ —

"ಮಲಕೊಳ್ಳಲಿ ಬಿಡ್ರಿ, ಎಬ್ಬಸಬ್ಯಾಡ್ರಿ. ಥಂಡಿ ಭಾಳ ಐತಿ. ಅಲ್ಲೇ ನಮ್ಮ ಗುಡಸಲದಾಗ ಚಾ ಆಗೈತಿ, ಇಬ್ಬರಿಗೂ ತರತೇನಿ."

ಹೋಗಿ ಹತ್ತು ನಿಮಿಷವಾಯಿತು. ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಹೇಳಬೇಕು. ಬಂದ ಕೂಡಲೇ ಹೇಳಿಬಿಡಬೇಕು. ಒಂಬತ್ತು ತಿಂಗಳಿಂದ ನೂರಾರು ಮಂದಿಗೆ ಹೇಳಿದ್ದೇನೆ, ಇವನಿಗೆ ಹೇಳುವುದೇನು ದೊಡ್ಡದು. ಆದರೆ ಇಡೀ ಲೋಕದಲ್ಲಿ ಈಗ ಇವನೊಬ್ಬನಿಗೆ ಅವಳು ಒಳಗೆ ಮಲಗಿದ್ದಾಳೆ.

ಬಂದ. ಒಂದು ಕೈಯಲ್ಲಿ ಕಿಟ್ಲಿ, ಇನ್ನೊಂದರಲ್ಲಿ ಎರಡು ಕಪ್ಪು. ದಿಬ್ಬ ಹತ್ತುತ್ತಿದ್ದಾನೆ. ಕಾಲಿನ ಸಪ್ಪಳ ಆಗಬಾರದು ಎಂದು ಚಪ್ಪಲಿ ಕೆಳಗೇ ಬಿಟ್ಟು, ಮೆಲ್ಲಗೆ ಹೆಜ್ಜೆ ಇಡುತ್ತಿದ್ದಾನೆ.